ಪೆಸ್ಟ್ ಕಂಟ್ರೋಲ್‌ನವ್ರು ಬರೋ ಮುಂಚೆ ನಮ್ಮನೆ ರೆಡಿ ಮಾಡಿದ್ದು ಹೀಗೆ

ಪೆಸ್ಟ್ ಕಂಟ್ರೋಲ್ ಮಾಡಿಸಿದ್ವಿ ಆದ್ರೂ ಜಿರಳೆ ಹೋಗ್ಲಿಲ್ಲ, ದುಡ್ಡು ದಂಡ ಅಂತ ಮೈಸೂರಲ್ಲಿ ಬೇಕಾದಷ್ಟು ಮನೇಲಿ ಹೇಳೋದು ಕೇಳಿದ್ದೀನಿ. ವಿಚಾರಿಸಿದ್ರೆ ಔಷಧಿ ಹೊಡೆಯೋವ್ರು ಬಂದಾಗ ಸಿಂಕ್ ಕೆಳಗೆ ಸಾಮಾನು ಹಂಗೇ ಇತ್ತು, ಕಪಾಟು ತುಂಬಾ ಡಬ್ಬ ಇತ್ತು, ಅವ್ರು ಪಾಪ ಕಣ್ಣಿಗೆ ಕಂಡ ಕಡೆ ಹೊಡೆದು ಹೋದ್ರು ಅಷ್ಟೇ. ಜಿರಳೆ ಇರೋದು ಕಣ್ಣಿಗೆ ಕಾಣೋ ಜಾಗದಲ್ಲಲ್ವಲ್ಲ. ಅವ್ರ ಕೆಲಸ ಒಂದೆರಡು ಗಂಟೆದು, ಅದು ಫಲ ಕೊಡ್ಬೇಕು ಅಂದ್ರೆ ಮುಂಚೆ ನಾವು ಮಾಡ್ಕೊಳೋ ಕೆಲಸಾನೇ ಮುಖ್ಯ, ನಾನು ಇದನ್ನ ಖಂಡಿತವಾಗಿ ನಂಬ್ತೀನಿ. ಅದಕ್ಕೆ ನಾನು ಏನೇನ್ ಮಾಡ್ದೆ ಅಂತ ಬರೀತಿದ್ದೀನಿ.

ನಮ್ದು ಕುವೆಂಪುನಗರದಲ್ಲಿ ಹಳೇ ಮನೆ, ಕೆಳಗೆ ನಾವು, ಮೇಲೆ ಬಾಡಿಗೆಯವ್ರು, ಹಿಂದುಗಡೆ ಸಂಪು, ಅದರ ಪಕ್ಕದಲ್ಲೇ ಮೋರಿ. ನಮ್ಮನೇಲಿ ಎರಡು ಜಾತಿ ಜಿರಳೆ ಇತ್ತು, ಇದು ಮೊದ್ಲು ಗೊತ್ತು ಮಾಡ್ಕೋಬೇಕು ಯಾಕಂದ್ರೆ ಎರಡಕ್ಕೂ ಮದ್ದು ಬೇರೆ ಬೇರೆ ಜಾಗದಲ್ಲಿ. ದೊಡ್ಡದು, ಕೆಂಪು ಕಂದು ಬಣ್ಣದ್ದು, ಮೋರಿ, ಚೇಂಬರ್, ಬಚ್ಚಲ ಕಡೆಯಿಂದ ಬರುತ್ತೆ, ಅದನ್ನ ಅಮೆರಿಕನ್ ಜಿರಳೆ ಅಂತಾರೆ. ಚಿಕ್ಕದು, ತಿಳಿ ಕಂದು, ತಲೆ ಹಿಂದೆ ಎರಡು ಕಪ್ಪು ಗೆರೆ ಇರುತ್ತೆ, ಅದು ಜರ್ಮನ್ ಜಿರಳೆ, ಅದು ಅಡುಗೆಮನೆ ಬಿಟ್ಟು ಹೋಗೋದೇ ಇಲ್ಲ, ಫ್ರಿಜ್ ಮೋಟ್ರು, ಮಿಕ್ಸಿ ಅಡಿ, ಕಪಾಟಿನ ಹಿಂಜು, ಎಲ್ಲಿ ಬೆಚ್ಚಗೆ ಇದ್ದು ಸ್ವಲ್ಪ ನೀರಿನ ಪಸೆ ಇರುತ್ತೋ ಅಲ್ಲೇ ಸಂಸಾರ. ಒಂದೊಂದು ಮೊಟ್ಟೆ ಚೀಲದಲ್ಲಿ 30-40 ಮೊಟ್ಟೆ, ಮರಿ ಆಚೆ ಬರೋ ಹೊತ್ತಿನ ತನಕ ಹೆಣ್ಣು ಅದನ್ನ ಹಿಂದೆ ಅಂಟಿಸ್ಕೊಂಡೇ ಓಡಾಡುತ್ತೆ. ಆ ಚೀಲದೊಳಗೆ ಔಷಧಿ ಇಳಿಯಲ್ಲ. ಎರಡನೇ ಸಲ ಬರಲೇಬೇಕು ಅಂತ ಅವ್ರು ಹೇಳೋದು ದುಡ್ಡಿಗಲ್ಲ, ಇದಕ್ಕೇ.

ಫೋನ್ ಮಾಡಿದಾಗಲೇ ನಾನು ಕೇಳಿದ್ದು, ಅಣ್ಣ ಜೆಲ್ ಹಾಕ್ತೀರಾ ಸ್ಪ್ರೇ ಮಾಡ್ತೀರಾ, ಔಷಧಿ ಹೆಸರೇನು, ಲೈಸೆನ್ಸ್ ಇದ್ಯಾ. ಕೇಳೋಕೆ ಸಂಕೋಚ ಪಟ್ಕೋಬೇಡಿ. ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯಿದೆ ಅಂತಿದೆ, 1971ರ ನಿಯಮ ಇದೆ, ಮನೆಗಳಿಗೆ ಔಷಧಿ ಹೊಡೆಯೋ ಕಸುಬಿನವ್ರಿಗೂ ಲೈಸೆನ್ಸ್ ಬೇಕು. ಇನ್ನೊಂದು, ಡಬ್ಬದ ಮೇಲೆ ಒಂದು ಮೂಲೆ ಮೇಲೆ ನಿಲ್ಸಿರೋ ಚೌಕ ಇರುತ್ತೆ, ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಅಂದ್ರೆ ಅತಿ ಘೋರ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಹಸಿರು ಎಲ್ಲಕ್ಕಿಂತ ಕಮ್ಮಿ. ಕೆಂಪು, ಹಳದಿ ತಂದ್ರೆ ನಾನಂತೂ ಗೇಟಿಂದ ಒಳಗೆ ಬಿಡಲ್ಲ. ಹಿಂದೆ ಎಲ್ಲರ ಮನೇಲೂ ನುವಾನ್ ಹೊಡೀತಿದ್ರಲ್ಲ, ಅದರಲ್ಲಿದ್ದ ಡೈಕ್ಲೋರ್‌ವಾಸ್ ಅನ್ನೋದನ್ನ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ ಮಾಡಿದ್ದಾರೆ, ಆದ್ರೂ ಹಳೇ ಅಭ್ಯಾಸಕ್ಕೆ ಅದೇ ಚೆನ್ನಾಗಿತ್ತು ಅನ್ನೋವ್ರು ಇದ್ದಾರೆ, ಕಿವಿ ಕೊಡ್ಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಕಾಳಿಗೆ ಇಡೋ ಗ್ಯಾಸ್ ಮಾತ್ರೆ, ಅಲ್ಯೂಮಿನಿಯಂ ಫಾಸ್ಫೈಡು, ತಗಣೆಗೆ ಅಂತ ರೂಮಲ್ಲಿ ಇಡ್ತೀವಿ ಅಂದ್ರೆ ಖಂಡಿತ ಬೇಡ ಅನ್ನಿ. ಅದು ಗಾಳಿಯ ಪಸೆ ತಗುಲಿದ್ರೆ ಸಾಕು ಫಾಸ್ಫಿನ್ ಅನ್ನೋ ಗ್ಯಾಸ್ ಬಿಡುತ್ತೆ, ಪಕ್ಕದ ಮನೆಗೂ ಹೋಗುತ್ತೆ, ಮಲಗಿದ್ದವ್ರು ಏಳದೇ ಇರೋ ಹಾಗೆ ಆಗಿರೋದು ಉಂಟು.

ನಮಗೆ ಬಂದವ್ರು ಅಡುಗೆಮನೆಗೆ ಇಮಿಡಾಕ್ಲೋಪ್ರಿಡ್ ಜೆಲ್ಲು, ಬಚ್ಚಲು ಮೋರಿ ಚೇಂಬರ್‌ಗೆ ಡೆಲ್ಟಾಮೆತ್ರಿನ್ ಸ್ಪ್ರೇ ಅಂದ್ರು. ಇಲ್ಲೇ ತುಂಬಾ ಜನ ಎಡವೋದು, ಜೆಲ್‌ಗೂ ಸ್ಪ್ರೇಗೂ ತಯಾರಿ ಒಂದೇ ಅಲ್ಲ. ಜೆಲ್ ಅಂದ್ರೆ ಅದು ತಿಂಡಿ, ಜಿರಳೆ ಬಂದು ತಿನ್ಬೇಕು, ತಿಂದು ಗೂಡಿಗೆ ಹೋಗಿ ಸಾಯ್ಬೇಕು, ಅದರ ಹಿಕ್ಕೆ, ಸತ್ತ ಮೈ ತಿಂದು ಮಿಕ್ಕಿದ್ದೂ ಸಾಯ್ಬೇಕು. ಪಕ್ಕದಲ್ಲಿ ಬೆಲ್ಲದ ಚೂರು, ಎಣ್ಣೆ ಜಿಡ್ಡು ಇದ್ರೆ ಅದ್ಯಾಕೆ ಜೆಲ್ ತಿನ್ನುತ್ತೆ? ಹಾಗೇ ಹಿಟ್ ಹೊಡೆದಿದ್ರೆ, ಜಿರಳೆ ಚಾಕ್‌ಪೀಸ್ ಗೆರೆ ಎಳೆದಿದ್ರೆ, ಆ ಜಾಗಕ್ಕೆ ಅದು ಬರೋದೇ ಇಲ್ಲ. ಅದಕ್ಕೆ ಕೆಲವು ವಾರ ಮುಂಚಿಂದ್ಲೇ ಹಿಟ್ ನಿಲ್ಲಿಸಿದ್ವಿ, ಕಪಾಟಿನ ಅಂಚಲ್ಲಿದ್ದ ಹಳೇ ಚಾಕ್ ಗೆರೆಯೆಲ್ಲ ಸೋಪು ನೀರಲ್ಲಿ ಉಜ್ಜಿ ತೆಗೆದು, ಬರೀ ನೀರಲ್ಲಿ ಮತ್ತೆ ಒರೆಸಿದ್ವಿ. ಫಿನಾಯ್ಲ್ ಅಡುಗೆಮನೆ ಒಳಗೆ ಬರಕೂಡದು ಅಂತ ಕೆಲಸಕ್ಕೆ ಬರೋ ಅಕ್ಕನಿಗೂ ಹೇಳಿದ್ದೆ. ಸ್ಪ್ರೇಗೆ ಲೆಕ್ಕ ಬೇರೆ, ಹೊಡೆದ ಮೇಲೆ ಗೋಡೆ ಅಂಚು ಒರೆಸೋ ಹಾಗಿಲ್ಲ, ಅದಕ್ಕೆ ತಿಕ್ಕಿ ತೊಳೆಯೋದೆಲ್ಲ ಮುಂಚೇನೇ ಮುಗಿಸಿ ಪೂರ್ತಿ ಒಣಗಿಸಿ ಇಟ್ಟಿರ್ಬೇಕು.

ಈಗ ಅಡುಗೆಮನೆ. ನಮ್ದು ಕಡಪಾ ಕಲ್ಲಿನ ಶೆಲ್ಫು, ಕಲ್ಲು ಗೋಡೆ ಸೇರೋ ಕಡೆ ಸಿಮೆಂಟ್ ಬಿಟ್ಟು ಸಂದಿ ಆಗಿರುತ್ತಲ್ಲ, ಟಾರ್ಚ್ ಹಾಕಿ ನೋಡಿದ್ರೆ ಕಾಫಿಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆ, ಅದು ಹಿಕ್ಕೆ. ಎಲ್ಲಿ ಆ ಚುಕ್ಕೆ ಇದ್ಯೋ ಅಲ್ಲಿ ಪೆನ್ಸಿಲಲ್ಲಿ ಗುರುತು ಹಾಕ್ತಾ ಹೋದೆ, ಆಮೇಲೆ ಜೆಲ್ ಹಾಕೋ ಹುಡುಗನಿಗೆ ಇದು ಬಹಳ ಅನುಕೂಲ ಆಯ್ತು, ಅಕ್ಕ ಅರ್ಧ ಕೆಲಸ ನೀವೇ ಮಾಡ್ಬಿಟ್ಟಿದ್ದೀರ ಅಂದ. ಡಬ್ಬಗಳನ್ನ ಒಂದೊಂದೇ ಇಳಿಸಿ, ತಳ ಒರೆಸಿ, ಹಾಲ್‌ನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಜೋಡಿಸಿ, ಮೇಲೊಂದು ಪ್ಲಾಸ್ಟಿಕ್ ಶೀಟ್ ಹೊದ್ದಿಸಿದ್ವಿ. ರಾಗಿಹಿಟ್ಟು, ಸಾರಿನಪುಡಿ, ಹುಣಸೆಹಣ್ಣು ಕವರ್‌ನಲ್ಲಿ ಗಂಟು ಹಾಕಿ ಇಟ್ಟಿದ್ದನ್ನೆಲ್ಲ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿದೆ. ಮಿಕ್ಸಿ ಮಾತ್ರ ಒಳಗೆ ಬಿಚ್ಚಬೇಡಿ, ಪ್ಲಗ್ ತೆಗೆದು ಅಂಗಳಕ್ಕೆ ತಗೊಂಡ್ಹೋಗಿ ಪೇಪರ್ ಮೇಲೆ ಬೋರಲು ಹಾಕಿ ತಟ್ಟಿ, ಅಡಿಯ ಗಾಳಿ ತೂತಿಂದ ಮರಿಗಳು ಉದುರ್ತವೆ, ನಮ್ಮದ್ರಲ್ಲಿ ಉದುರಿದ್ದು ನೋಡಿ ನಮ್ಮನೆಯವ್ರಿಗೆ ಆವತ್ತು ಚಟ್ನಿ ಸೇರ್ಲಿಲ್ಲ. ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ, ಒಲೆ ಎತ್ತಿ, ಹಿಂದಿನ ಟೈಲ್ಸ್ ಮೇಲಿನ ಒಗ್ಗರಣೆ ಜಿಡ್ಡನ್ನ ಬಿಸಿನೀರು ಅಡಿಗೆಸೋಡಾ ಹಾಕಿ ಉಜ್ಜಿದ್ವಿ. ಜಿಡ್ಡಿನ ಮೇಲೆ ಬಿದ್ದ ಔಷಧಿ ಸರಿಯಾಗಿ ಕೆಲಸ ಮಾಡಲ್ಲ. ಫ್ರಿಜ್ ಗೋಡೆಯಿಂದ ಎಳೆದು ಹಿಂದಿನ ನೀರಿನ ತಟ್ಟೆ ಖಾಲಿ ಮಾಡಿದ್ವಿ, ಸಿಂಕ್ ಕೆಳಗೆ ತೊಟ್ಟಿಕ್ತಿದ್ದ ಪೈಪಿಗೆ ವಾಷರ್ ಹಾಕಿಸಿದ್ವಿ. ಜಿರಳೆ ಊಟ ಇಲ್ದೆ ವಾರಗಟ್ಟಲೆ ಇರುತ್ತೆ, ನೀರಿಲ್ದೆ ಅಷ್ಟು ದಿನ ಇರೋಕಾಗಲ್ಲ, ಹಾಗಾಗಿ ಆ ವಾಷರ್‌ನ ನಾನು ಔಷಧಿ ಲೆಕ್ಕದಲ್ಲೇ ಇಡ್ತೀನಿ.

ಆಮೇಲೆ ಅಟ್ಟ. ಮೈಸೂರಲ್ಲಿ ಗೊಂಬೆ ಕೂರಿಸೋ ಮನೆಯವ್ರು ಇದನ್ನ ದಯವಿಟ್ಟು ಗಮನ ಕೊಟ್ಟು ಓದಿ. ದಸರಾ ಮುಗಿದ ಮೇಲೆ ಗೊಂಬೆಗಳನ್ನ ಹಳೇ ಆಂದೋಲನ ಪೇಪರಲ್ಲಿ ಸುತ್ತಿ ರಟ್ಟಿನ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಏರಿಸ್ತೀವಿ, ಮತ್ತೆ ಮುಂದಿನ ನವರಾತ್ರಿಗೇ ಇಳಿಸೋದು. ವರ್ಷಪೂರ್ತಿ ಕತ್ತಲು, ಕಾಗದ, ರಟ್ಟು, ಜಿರಳೆಗೆ ಇನ್ನೇನ್ ಬೇಕು. ನಾನು ಒಂದೊಂದೇ ಪೇಪರ್ ಬಿಡಿಸ್ತಾ ಹೋದ್ರೆ ಶೆಟ್ಟಿ ಗೊಂಬೆಯ ಬೆನ್ನಿಗೆ ಮಡಚಿದ್ದ ಪೇಪರ್ ಮಡಿಕೇಲಿ ಮೊಟ್ಟೆ ಚೀಲ ಅಂಟ್ಕೊಂಡಿತ್ತು, ಕಡು ಕಂದು, ಕಾಲಿಂಚಿಗಿಂತ ಸ್ವಲ್ಪ ಉದ್ದ, ಒಂದು ಅಂಚು ಉದ್ದಕ್ಕೂ ಸಣ್ಣ ಸಣ್ಣ ಹಲ್ಲು. ಅದು ದೊಡ್ಡ ಜಿರಳೆದು, ಅದು ಚಿಕ್ಕದರ ಹಾಗೆ ಹೊತ್ಕೊಂಡು ತಿರುಗಲ್ಲ, ಹೀಗೆ ಸಂದಿ ನೋಡಿ ಅಂಟಿಸಿ ಹೋಗುತ್ತೆ. ಉಗುರಲ್ಲಿ ಎಬ್ಬಿಸಿದ್ರೆ ಕಾಗದದ ಪದರಾನೂ ಕಿತ್ಕೊಂಡು ಬಂತು, ಅಷ್ಟು ಗಟ್ಟಿ. ಅಂಥ ಪೇಪರ್, ರಟ್ಟಿನ ಡಬ್ಬ ಎಲ್ಲ ಅಂಗಳಕ್ಕೆ ತಗೊಂಡ್ಹೋಗಿ ಚೀಲಗಳನ್ನ ಕಾಲಲ್ಲಿ ಹೊಸಕಿ ಆಮೇಲೇ ಕಸದ ಗಾಡಿಗೆ ಹಾಕಿದ್ದು. ಪಟ್ಟದ ಗೊಂಬೆಗೆ ಔಷಧಿ ಸೋಕಬಾರ್ದು ಕಣಮ್ಮ ಅಂತ ಅತ್ತೆ ಮುಂಚೇನೇ ಹೇಳಿದ್ರು, ಅದು ಸರೀನೂ ಹೌದು, ಬಣ್ಣ ಬಟ್ಟೆ ಜರಿ ಎಲ್ಲ ಹಾಳಾಗುತ್ತೆ. ಒಣ ಬ್ರಷ್‌ನಲ್ಲಿ ಧೂಳು ತೆಗೆದು, ಹಳೇ ಕಾಟನ್ ಸೀರೆ ತುಂಡಲ್ಲಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಕ್ಸ್‌ಗೆ ಹಾಕಿ ಅತ್ತೆ ರೂಮಲ್ಲಿ ಇಟ್ವಿ. ಅಟ್ಟ ಖಾಲಿ ಆದ್ಮೇಲೇ ಅಲ್ಲಿ ಔಷಧಿ.

ಮಗ ಬೆಂಗಳೂರಿನ ಪಿಜಿಯಿಂದ ಹಾಸಿಗೆ ಸುತ್ಕೊಂಡು ಬಂದಿದ್ದ, ಅದಕ್ಕೆ ತಗಣೆ ಇದ್ಯಾ ಅಂತ ಹಾಸಿಗೆ ಹೊಲಿಗೆ, ಮಂಚದ ಕೀಲು ಎಲ್ಲ ಟಾರ್ಚ್ ಹಾಕಿ ನೋಡಿದ್ವಿ, ಇರ್ಲಿಲ್ಲ. ಇದ್ದಿದ್ರೆ ಬಟ್ಟೆಯೆಲ್ಲ 60 ಡಿಗ್ರಿ ಬಿಸಿನೀರಲ್ಲಿ ಒಗೀಬೇಕು, ಮಂಚ ಬಿಚ್ಚಬೇಕು, ಬರೀ ಬಿಸಿಲಿಗೆ ಹಾಕಿದ್ರೆ ಹಾಸಿಗೆ ಒಳಗಿನ ತನಕ ಕಾವು ಹೋಗಲ್ಲ, ಊಟ ಇಲ್ದೆನೂ ತಿಂಗಳುಗಟ್ಟಲೆ ಬದುಕೋ ಹುಳ ಅದು.

ಮನೇಲಿ ಯಾರ್ಯಾರು ಆವತ್ತು ಇರಬಾರ್ದು ಅನ್ನೋದನ್ನ ಮುಂಚೇನೇ ತೀರ್ಮಾನ ಮಾಡಿ. ಮಾವನಿಗೆ ವೀಸಿಂಗ್ ಇದೆ, ಜಿರಳೆ ಹಿಕ್ಕೆ, ಅದು ಬಿಡೋ ಪೊರೆ ಇಂದ್ಲೇ ಅಸ್ತಮಾ ಜಾಸ್ತಿ ಆಗುತ್ತೆ, ನಾವು ಇದಕ್ಕೆ ಕೈ ಹಾಕಿದ್ದೇ ಅವ್ರಿಗೋಸ್ಕರ. ಅತ್ತೆ ಮಾವ ಇಬ್ರೂ ಬೆಳಗ್ಗೇನೇ ಮಂಡ್ಯಕ್ಕೆ ನಾದಿನಿ ಮನೆಗೆ ಹೋಗಿ ಮಾರನೇ ದಿನ ಬಂದ್ರು. ಬಸುರಿ ಹೆಂಗಸ್ರು, ಕೂಸುಗಳು ಇದ್ರೂ ಹೀಗೇ ಮಾಡಿ. ಮಗನ ಮೀನಿನ ಟ್ಯಾಂಕು ಪಕ್ಕದ ಮನೆಗೆ ಹೋಯ್ತು, ಈ ಡೆಲ್ಟಾಮೆತ್ರಿನ್ ಜಾತಿ ಔಷಧಿ ಮೀನಿಗೆ ಒಂದು ತೊಟ್ಟೂ ಆಗಲ್ಲ, ಬೆಕ್ಕು ಸಾಕಿರೋವ್ರೂ ಒಣಗೋ ತನಕ ದೂರ ಇಡ್ಬೇಕು. ಸಂಪಿನ ಮುಚ್ಚಳದ ಸುತ್ತ ಪ್ಲಾಸ್ಟಿಕ್ ಹಾಕಿ ಮೇಲೆ ಇಟ್ಟಿಗೆ ಇಟ್ವಿ, ಕುಡಿಯೋ ನೀರು ಅದು, ಇದನ್ನ ಯಾರೂ ಹೇಳಲ್ಲ. ದೇವರ ಮನೇಲಿ ವಿಗ್ರಹ, ಕುಂಕುಮ, ಬತ್ತಿ ಎಲ್ಲ ಒಂದು ಸ್ಟೀಲ್ ಬೋಸಿಲಿ ಮುಚ್ಚಿಟ್ಟು, ದೀಪ ಬೆಳಗ್ಗೇನೇ ಶಾಂತ ಮಾಡಿದೆ, ಎಣ್ಣೆ ಬೆರೆಸಿದ ಸ್ಪ್ರೇ ಆದ್ರೆ ಬೆಂಕಿ ಹತ್ತೋ ಭಯ ಇರುತ್ತೆ. ಮೇಲಿನ ಬಾಡಿಗೆಯವ್ರಿಗೂ ಅದೇ ದಿನ ಮಾಡಿಸೋಕೆ ಒಪ್ಪಿಸಿದ್ವಿ, ಪೈಪ್ ಎರಡು ಮನೆಗೂ ಒಂದೇ, ನಾವೊಬ್ರೇ ಮಾಡಿಸಿದ್ರೆ ಮೇಲಿಂದ ಇಳಿದು ಬರ್ತವೆ.

ಆವತ್ತು ಅವ್ರು ಬಂದ್ಮೇಲೆ ನಾನು ಮಾಸ್ಕ್ ಹಾಕ್ಕೊಂಡು ಜೆಲ್ ಹಾಕೋವಾಗ ಮಾತ್ರ ಜೊತೇಲಿ ನಿಂತಿದ್ದೆ. ಸಾಸಿವೆಗಿಂತ ದೊಡ್ಡದು, ಮೆಣಸಿಗಿಂತ ಚಿಕ್ಕದು, ಅಂಥ ಚುಕ್ಕೆ, ಹಿಂಜಿನ ಸಂದಿಗೆ, ಡ್ರಾಯರ್ ಹಿಂದಕ್ಕೆ, ಕಡಪಾ ಕಲ್ಲಿನ ಅಡಿಗೆ. ಒಂದೇ ಕಡೆ ದೊಡ್ಡ ಮುದ್ದೆ ಇಟ್ರೆ ಪ್ರಯೋಜನ ಇಲ್ಲ, ಚಿಕ್ಕ ಚಿಕ್ಕದು ಬಹಳ ಕಡೆ ಬೇಕು. ಸ್ಪ್ರೇ ಹೊತ್ತಿಗೆ ಎಲ್ರೂ ಆಚೆ, ಮೇನ್ ಸ್ವಿಚ್ ಆಫ್. ಅವ್ರು ಹೇಳಿದ ಹೊತ್ತು ಕಳೆದು ಪೂರ್ತಿ ಒಣಗಿದ ಮೇಲೆ ಬಂದು ಕಿಟಕಿ ಬಾಗಿಲು ತೆಗೆದು ಫ್ಯಾನ್ ಹಾಕಿ, ಇನ್ನೂ ಸ್ವಲ್ಪ ಹೊತ್ತು ಆಚೇನೇ ಇದ್ವಿ. ಅಡುಗೆ ಕಟ್ಟೆ, ಊಟದ ಟೇಬಲ್ಲು ಸೋಪು ನೀರಲ್ಲಿ ಒರೆಸಿದ್ವಿ, ನೆಲದ ಮಧ್ಯ ಒರೆಸಿದ್ವಿ, ಗೋಡೆ ಅಂಚು ಒಂದು ಗೇಣು ಹಾಗೇ ಬಿಟ್ವಿ. ಯಾರಿಗಾದ್ರೂ ತಲೆಸುತ್ತು, ವಾಂತಿ, ಉಸಿರು ಕಟ್ಟೋದು ಆದ್ರೆ ಡಬ್ಬದ ಫೋಟೋ ಸಮೇತ ಆಸ್ಪತ್ರೆಗೆ ಓಡ್ಬೇಕು, ದೆಹಲಿ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರ ಇದೆ, 1800 116 117, ಆ ನಂಬರ್ ಮುಂಚೇನೇ ಫ್ರಿಜ್ ಮೇಲೆ ಬರೆದು ಅಂಟಿಸಿದ್ದೆ.

ಮೊದಲ ಕೆಲವು ದಿನ ಜಿರಳೆ ಜಾಸ್ತಿ ಕಾಣುತ್ತೆ, ಹಗಲಲ್ಲೇ ತೂರಾಡ್ತಾ ಆಚೆ ಬರ್ತವೆ, ಆಗ ಗಾಬರಿ ಬಿದ್ದು ಹಿಟ್ ಹೊಡೆದ್ರೆ ಜೆಲ್ ಕೆಲಸ ಅಲ್ಲಿಗೇ ನಿಲ್ಲುತ್ತೆ. ಪೊರಕೇಲಿ ಗುಡಿಸಿ ಎಸೀರಿ ಅಷ್ಟೇ. ಎರಡನೇ ಸಲ ಅವ್ರು ಬರೋ ಮುಂಚೆ ಮತ್ತೆ ಟಾರ್ಚ್ ಹಾಕಿ ನೋಡಿ, ಎಲ್ಲಿ ಜೆಲ್ ಚುಕ್ಕೆ ಖಾಲಿ ಆಗಿದ್ಯೋ ಅಲ್ಲಿ ಹೊಸದಾಗಿ ಹಾಕಿಸಿದೆ, ಎಲ್ಲಿ ಮುಟ್ಟದೆ ಒಣಗಿದ್ಯೋ ಅಲ್ಲಿ ಇಲ್ಲ ಅಂತ ಅರ್ಥ. ಅದಾದ್ಮೇಲೇ ಕಡಪಾ ಸಂದಿಗೆಲ್ಲ ವೈಟ್ ಸಿಮೆಂಟ್ ತುಂಬಿಸಿದ್ದು, ಮೊದ್ಲೇ ತುಂಬಿಸಿದ್ರೆ ಒಳಗಿದ್ದವು ಇನ್ನೊಂದು ದಾರಿ ಹುಡುಕ್ಕೊಂಡು ಹೋಗ್ತಿದ್ವು. ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿದ್ವಿ, ಚೇಂಬರ್ ಮುಚ್ಚಳದ ಬಿರುಕಿಗೆ ಸಿಮೆಂಟ್ ಮೆತ್ತಿಸಿದ್ವಿ, ಅಂಗಡಿಯಿಂದ ಬರೋ ರಟ್ಟಿನ ಡಬ್ಬ ಈಗ ಗೇಟ್ ಹತ್ರಾನೇ ಬಿಚ್ಚಿ ಸಾಮಾನು ಮಾತ್ರ ಒಳಗೆ ತರ್ತೀವಿ.