ಹಲ್ಲಿನ ಹುಳುಕನ್ನು ಎಂಆರ್‌ಐಯಲ್ಲಿ ಓದಲು ಕಲಿತದ್ದು

ಬಾಯಿ ಮತ್ತು ದವಡೆಯ ರೇಡಿಯಾಲಜಿ ನನ್ನ ವೃತ್ತಿ. ಎಕ್ಸ್‌ರೇ ಮತ್ತು ಕೋನ್‌ಬೀಮ್ ಸಿಟಿಯಲ್ಲಿ (ಮೂರು ಆಯಾಮದ ಎಕ್ಸ್‌ರೇಯಲ್ಲಿ) ಪಳಗಿದ ಕಣ್ಣಿಗೆ ಸಾಮಾನ್ಯ ಎಂಆರ್‌ಐ ಚಿತ್ರದಲ್ಲಿ ಹಲ್ಲು ಕಾಣುವುದೇ ಇಲ್ಲ. ಅದಿರಬೇಕಾದ ಜಾಗ ಕಪ್ಪಾಗಿದ್ದು, ನಡುವೆ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು ಮಾತ್ರ ಬೆಳ್ಳಗೆ ಉಳಿದಿರುತ್ತದೆ. ಎಂಆರ್‌ಐ ಮುಖ್ಯವಾಗಿ ಹಿಡಿಯುವುದು ನೀರಿನಲ್ಲಿರುವ ಹೈಡ್ರೋಜನ್ನಿನ ಸಂಕೇತವನ್ನು. ಆದರೆ ಹಲ್ಲಿನ ಹೊರಕವಚವಾದ ಎನಾಮಲ್‌ನ ತೂಕದಲ್ಲಿ ಸುಮಾರು 96 ಪ್ರತಿಶತ, ಅದರೊಳಗಿನ ಪದರವಾದ ಡೆಂಟಿನ್‌ನ ತೂಕದಲ್ಲಿ ಸುಮಾರು 70 ಪ್ರತಿಶತ ಖನಿಜವೇ ಇದೆ. ಉಳಿದ ಅಲ್ಪ ನೀರಿನ ಬಹುಪಾಲು ಕೂಡ ಗಟ್ಟಿ ರಚನೆಯೊಳಗೆ ಬಿಗಿಯಾಗಿ ಸಿಕ್ಕಿಕೊಂಡಿರುವುದರಿಂದ ಅದರ ಸಂಕೇತ ಒಂದು ಮಿಲಿಸೆಕೆಂಡಿನೊಳಗೇ ಕ್ಷೀಣಿಸುತ್ತದೆ, ವಾಡಿಕೆಯ ಸೀಕ್ವೆನ್ಸ್‌ಗಳಾದರೋ (ಚಿತ್ರ ತೆಗೆಯುವ ಕ್ರಮಗಳಾದರೋ) ಹಲವು ಮಿಲಿಸೆಕೆಂಡು ಕಳೆದ ಮೇಲೆ ಅದನ್ನು ದಾಖಲಿಸಲು ತೊಡಗುತ್ತವೆ.

ಈ ತೊಡಕನ್ನು ಬಿಡಿಸಿದ್ದು ಅತಿ ಕಿರು ಎಕೋ ಸಮಯದ (ರೇಡಿಯೋ ತರಂಗದ ಪ್ರಚೋದನೆಗೂ ಸಂಕೇತ ದಾಖಲಿಸುವುದಕ್ಕೂ ನಡುವಿನ ಸಮಯದ) ಸೀಕ್ವೆನ್ಸ್‌ಗಳು. ಮಿನ್ನೆಸೋಟ ವಿಶ್ವವಿದ್ಯಾಲಯದ ಇದಿಯಾತುಲ್ಲಿನ್, ಗಾರ್ವುಡ್ ಮತ್ತು ಸಂಗಡಿಗರು ಸ್ವಿಫ್ಟ್ ಎಂಬ ವಿಧಾನದಿಂದ ಹಲ್ಲಿನ ಗಟ್ಟಿ ಭಾಗವನ್ನೂ ತಿರುಳನ್ನೂ ಒಟ್ಟಿಗೆ ತೋರಿಸಿದ ಕೆಲಸ 2011ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ಮೇಲೆಯೇ ನನಗೆ ಈ ದಾರಿಯಲ್ಲಿ ಗಂಭೀರವಾಗಿ ಕೆಲಸ ಮಾಡಬೇಕೆನಿಸಿತು. ನಾನು ಬಳಸುವ ಸೀಕ್ವೆನ್ಸ್ ಬೇರೆಯಾದರೂ ತತ್ವ ಅದೇ: ಪ್ರಚೋದನೆ ಮುಗಿದ ಹತ್ತಾರು ಮೈಕ್ರೋಸೆಕೆಂಡುಗಳಲ್ಲೇ ಸಂಕೇತವನ್ನು ಹಿಡಿದುಬಿಡಬೇಕು.

ರೋಗಿಗಳ ಬಳಿ ಹೋಗುವ ಮುನ್ನ ಕಿತ್ತ ಹಲ್ಲುಗಳ ಮೇಲೆ ಕೆಲಸ ಮಾಡಿದೆ. ಹಲ್ಲು ಒಣಗಿದರೆ ನೋಡಬೇಕಾದ ನೀರೇ ಹೋಗಿಬಿಡುತ್ತದೆ, ಆದ್ದರಿಂದ ಅವನ್ನು ತೇವವಾಗಿಟ್ಟು, ಸ್ಕ್ಯಾನಿನ ವೇಳೆ ಹೈಡ್ರೋಜನ್ ಇಲ್ಲದ ಫ್ಲೋರಿನ್‌ಯುಕ್ತ ಎಣ್ಣೆಯಲ್ಲಿ ಮುಳುಗಿಸುತ್ತಿದ್ದೆ. ಆ ಎಣ್ಣೆ ತಾನು ಸಂಕೇತ ಕೊಡುವುದಿಲ್ಲ, ಗಾಳಿಯ ಅಂಚಿನಲ್ಲಿ ಚಿತ್ರ ಸೊಟ್ಟಗಾಗುವುದನ್ನೂ ತಡೆಯುತ್ತದೆ. ಬಳಿಕ ಅದೇ ಹಲ್ಲನ್ನು ಉದ್ದಕ್ಕೆ ಸೀಳಿ ಚಿತ್ರದ ಪಕ್ಕದಲ್ಲಿಟ್ಟು ನೋಡುವುದು ನನ್ನ ಪಾಠವಾಗಿತ್ತು. ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣುವ ಹುಳುಕು ಇಲ್ಲಿ ಬೆಳ್ಳಗೆ ಕಾಣುತ್ತದೆ, ಏಕೆಂದರೆ ಆಮ್ಲದಿಂದ ಖನಿಜ ಕರಗಿದಲ್ಲಿ ಸೂಕ್ಷ್ಮ ರಂಧ್ರಗಳುಂಟಾಗಿ ಅವುಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಆದರೆ ತೆರೆದ ಕುಳಿಯಲ್ಲಿ ಗಾಳಿಯಿದ್ದರೆ ಅದು ಕಪ್ಪು, ಜೊಲ್ಲು ತುಂಬಿದ್ದರೆ ಬಿಳಿ. ಆದ್ದರಿಂದ ಕುಳಿಯನ್ನು ಬಿಟ್ಟು ಅದರ ತಳದ ಡೆಂಟಿನ್‌ನಲ್ಲಿ ಹಬ್ಬಿರುವ ಹೊಳಪನ್ನು ಓದುವುದನ್ನು ರೂಢಿಸಿಕೊಂಡೆ.

ಜೀವಂತ ಬಾಯಿಯಲ್ಲಿ ಕಷ್ಟಗಳು ಬೇರೆ. ನುಂಗುವುದು, ನಾಲಿಗೆಯ ಚಲನೆ, ದವಡೆಯ ಅದುರು ಎಲ್ಲವೂ ಚಿತ್ರವನ್ನು ಮಸುಕಾಗಿಸುತ್ತವೆ. ಸ್ಕ್ಯಾನಿಗೆ ಮೊದಲು ಒಮ್ಮೆ ನುಂಗಿಸಿ, ಹಲ್ಲುಗಳ ನಡುವೆ ಕಚ್ಚಲು ಮೆತ್ತನೆಯ ಆಧಾರ ಕೊಟ್ಟು, ಕೆನ್ನೆಗೆ ಒತ್ತುವಂತೆ ಸಂಕೇತ ಹಿಡಿಯುವ ಪುಟ್ಟ ಕಾಯಿಲ್ ಕಟ್ಟುತ್ತೇನೆ. ಕಾಯಿಲ್ ಹಲ್ಲಿಗೆ ಹತ್ತಿರವಾದಷ್ಟೂ ಸಂಕೇತ ಚೆನ್ನಾಗಿ ಸಿಗುತ್ತದೆ. ಇಂಥ ಸೀಕ್ವೆನ್ಸ್‌ಗಳಲ್ಲಿ ಪ್ಲಾಸ್ಟಿಕ್ ಕೂಡ ಕಾಣಿಸಿಕೊಳ್ಳುವುದರಿಂದ ಆಧಾರದ ವಸ್ತುವನ್ನು ಮೊದಲೇ ಒಂಟಿಯಾಗಿ ಸ್ಕ್ಯಾನ್ ಮಾಡಿ ನೋಡಬೇಕು. ಪೇಸ್‌ಮೇಕರ್ ಮುಂತಾದವುಗಳ ವಿಚಾರಣೆ ಎಲ್ಲ ಎಂಆರ್‌ಐಗಳಂತೆಯೇ. ಹಲ್ಲಿಗೆ ವಿಶೇಷವಾದದ್ದು ಲೋಹದ ಪ್ರಶ್ನೆ. ಸ್ಟೀಲಿನ ತಂತಿ, ಕೋಬಾಲ್ಟ್ ಕ್ರೋಮಿಯಂ ಕ್ಯಾಪು ಇದ್ದರೆ ಅಕ್ಕಪಕ್ಕದ ಹಲ್ಲುಗಳೂ ಅಳಿಸಿಹೋಗುತ್ತವೆ, ಸೆರಾಮಿಕ್ ಮತ್ತು ಕಾಂಪೋಸಿಟ್ ಅಷ್ಟು ಕಾಟ ಕೊಡುವುದಿಲ್ಲ. ಬಾಯಿಯೊಳಗೆ ನೋಡದೆ ಯಾರನ್ನೂ ಸ್ಕ್ಯಾನಿಗೆ ಮಲಗಿಸಬಾರದೆಂಬುದು ನನ್ನ ಖಚಿತ ನಿಲುವು.

ಈ ವಿಧಾನದ ಬೆಲೆ ನನಗೆ ಸ್ಪಷ್ಟವಾಗಿ ತಿಳಿದದ್ದು ಕೆಳದವಡೆಯ ಒಂದು ಮೊದಲ ದವಡೆಹಲ್ಲಿನಲ್ಲಿ. ತಣ್ಣೀರು ತಾಕಿದರೆ ನೋವು ಬಹಳ ಹೊತ್ತು ಉಳಿಯುತ್ತಿತ್ತು. ಎಕ್ಸ್‌ರೇಯಲ್ಲಿ ಹುಳುಕು ತಿರುಳಿನ ಹತ್ತಿರ ಬಂದಂತೆ ಕಂಡರೂ ನಡುವೆ ಗಟ್ಟಿ ಪದರ ಉಳಿದಿರುವಂತಿತ್ತು, ಬೇರಿನ ತುದಿಯ ಮೂಳೆ ಸಹಜವಾಗಿತ್ತು. ಅತಿ ಕಿರು ಎಕೋ ಚಿತ್ರದಲ್ಲಿ ಕುಳಿಯ ತಳದಿಂದ ತಿರುಳಿನ ಮುಂಭಾಗದ ಕೊಂಬಿನಂಥ ಚಾಚಿನವರೆಗೆ ಡೆಂಟಿನ್‌ನಲ್ಲಿ ಒಂದು ಬೆಳ್ಳನೆಯ ಪಟ್ಟಿ ತಡೆಯಿಲ್ಲದೆ ಸಾಗಿತ್ತು. ಕೊಬ್ಬಿನ ಸಂಕೇತವನ್ನು ಅಡಗಿಸುವ ಸ್ಟರ್ ಸೀಕ್ವೆನ್ಸ್‌ನಲ್ಲಿ ಹಿಂಬದಿಯ ಬೇರಿನ ತುದಿಯ ಸುತ್ತ ಮೂಳೆಮಜ್ಜೆ ಹೊಳೆಯುತ್ತಿತ್ತು. ಎಕ್ಸ್‌ರೇಯಲ್ಲಿ ಮೂಳೆಯ ನಷ್ಟ ಕಾಣಬೇಕಾದರೆ ಸಾಮಾನ್ಯವಾಗಿ 30ರಿಂದ 50 ಪ್ರತಿಶತ ಖನಿಜ ಹೋಗಿರಬೇಕು, ಮಜ್ಜೆಯಲ್ಲಿ ನೀರು ಸೇರುವುದು ಅದಕ್ಕಿಂತ ಮೊದಲೇ. ದಂತವೈದ್ಯರು ತೆರೆದು ನೋಡಿದಾಗ ತಿರುಳು ಉಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ರೂಟ್ ಕೆನಾಲ್ ಮಾಡಿದರು.

ಆದ್ದರಿಂದ ನಾನು ಎಂಆರ್‌ಐಗೆ ಕೇಳುವುದು ಹಲ್ಲಿನ ಜೀವಂತ ಭಾಗಕ್ಕೆ ಎಷ್ಟು ಧಕ್ಕೆಯಾಗಿದೆ ಎಂದು. ಎರಡು ಹಲ್ಲುಗಳು ತಾಗುವಲ್ಲಿ ಎನಾಮಲ್‌ನಲ್ಲಿ ಆಗಷ್ಟೇ ಶುರುವಾದ ಹುಳುಕಿಗೆ ಕಚ್ಚುಪಟ್ಟಿ ಕಚ್ಚಿಸಿ ತೆಗೆಯುವ ಬೈಟ್‌ವಿಂಗ್ ಎಕ್ಸ್‌ರೇಯೇ ಸರಿ. ಒಂದು ಮಿಲಿಮೀಟರಿನ ಕೆಲವು ಹತ್ತನೇ ಭಾಗದಷ್ಟು ದೊಡ್ಡ ಬಿಂದುಗಳಿಂದಾದ ಎಂಆರ್‌ಐ ಚಿತ್ರದಲ್ಲಿ ಅಂಥ ಗೆರೆ ಕರಗಿಹೋಗುತ್ತದೆ. ತಿರುಳನ್ನು ಉಳಿಸಲು ಔಷಧಿಯ ಪದರ ಹಾಕಿದ ಹಲ್ಲಿಗೆ ಮಾತ್ರ, ಔಷಧಿಯಿಂದ ಚಿತ್ರ ಕೆಡುವುದಿಲ್ಲವಾದರೆ, ಕೆಲವು ತಿಂಗಳ ನಂತರ ಮತ್ತೆ ಎಂಆರ್‌ಐ ಕೇಳುತ್ತೇನೆ, ವಿಕಿರಣದ ಚಿಂತೆಯಿಲ್ಲದೆ ಅದನ್ನು ಮರುಕಳಿಸಬಹುದು. ವರದಿಯಲ್ಲಿ ಡೆಂಟಿನ್‌ನ ಹೊಳಪಿನ ಆಳ, ತಿರುಳಿನ ಸಂಕೇತವನ್ನು ಎದುರು ಬದಿಯ ಅದೇ ಹಲ್ಲಿನೊಂದಿಗೆ ಹೋಲಿಸಿದ ಫಲ, ಬೇರಿನ ತುದಿಯ ಮಜ್ಜೆಯ ಸ್ಥಿತಿ ಇವನ್ನು ಬೇರೆಬೇರೆಯಾಗಿಯೇ ಬರೆಯುತ್ತೇನೆ, ಏಕೆಂದರೆ ಚಿಕಿತ್ಸೆಯ ನಂತರ ಇವು ಮೂರೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ.