ಟ್ರಾವೆಲರ್‌ ಆಟದ ಸ್ಕಿಲ್ ಚೆಕ್ ಗೊಂದಲ ಬಗೆಹರಿದ ಬಗೆ

ಸಾಗರದ ನಮ್ಮ ಗುಂಪಿನಲ್ಲಿ, ಬಾಹ್ಯಾಕಾಶದ ಕಥೆಯಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಟ್ರಾವೆಲರ್‌ನ ಎರಡು ಆವೃತ್ತಿಗಳ ಪುಸ್ತಕ ಒಟ್ಟಿಗೇ ಓಡಾಡುತ್ತಿದ್ದವು. ತಕರಾರು ಶುರುವಾಗಿದ್ದೇ ಅಲ್ಲಿಂದ. ಸ್ಕಿಲ್ ಚೆಕ್ ಅಂದರೆ ಪಾತ್ರ ಒಂದು ಕೆಲಸದಲ್ಲಿ ಗೆಲ್ಲುತ್ತದೆಯೇ ಎಂದು ಎರಡು ದಾಳ ಎಸೆದು ನೋಡುವುದು; ಮೊತ್ತ ಗುರಿಯಷ್ಟಾದರೂ ಬರಬೇಕು. ಮೊಂಗೂಸ್ ಪ್ರಕಾಶನದ 2008ರ ಆವೃತ್ತಿಯಲ್ಲಿ ಗುರಿ ಯಾವಾಗಲೂ 8. ಕೆಲಸ ಕಷ್ಟವಾದರೆ ದಾಳದ ಮೊತ್ತದಿಂದ 2 ಕಳೆಯಬೇಕು. ಅದರ ಎರಡನೇ ಆವೃತ್ತಿಯಲ್ಲಿ ಏನೂ ಕಳೆಯುವುದಿಲ್ಲ, ಗುರಿಯೇ 10ಕ್ಕೆ ಏರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡು ದಾಳದಲ್ಲಿ 12 ಬೀಳಬೇಕು, ಅಂದರೆ 36ರಲ್ಲಿ ಒಂದೇ ಅವಕಾಶ. ಗುರಿ ಬರೀ 10 ಆಗಿದ್ದರೆ ಆರು ಇರುತ್ತವೆ. ಎಷ್ಟು ವ್ಯತ್ಯಾಸ ಅಲ್ವಾ? ಜಂಪ್ ಡ್ರೈವ್ (ನೌಕೆಯನ್ನು ನಕ್ಷತ್ರದಿಂದ ನಕ್ಷತ್ರಕ್ಕೆ ಒಯ್ಯುವ ಯಂತ್ರ) ರಿಪೇರಿ ಮಾಡಲು ಯಾರೂ ಮುಂದೆ ಬರುತ್ತಿರಲಿಲ್ಲ.

ಈಗ ಎರಡನೇ ಆವೃತ್ತಿಯನ್ನೇ ಹಿಡಿದಿದ್ದೇವೆ. ಕೆಲಸ ಎಷ್ಟು ಕಷ್ಟ ಅನ್ನುವುದು ಗುರಿಗೆ ಮಾತ್ರ ಸೇರುತ್ತದೆ. ದಾಳಕ್ಕೆ ಕೂಡುವುದು, ಕಳೆಯುವುದೆಲ್ಲ ಆ ಪಾತ್ರದ ಕೌಶಲ, ಗುಣ, ಕೈಲಿರುವ ಸಲಕರಣೆಯಿಂದ. ಕೌಶಲವೇ ಇಲ್ಲದಿದ್ದರೆ 3 ಕಡಿಮೆ. ದಾಳ ಎಸೆಯುವ ಮೊದಲೇ ಆಟ ನಡೆಸುವ ರೆಫರಿ ಗುರಿ ಹೇಳಬೇಕು. ನನಗೆ ಜಾಸ್ತಿ ಸಮಾಧಾನ ಕೊಟ್ಟದ್ದು ಇದೇ.