ಅಂಗಳದ ನಲ್ಲಿ ಬದಲಿಸಿದ್ದು

ಕುಮಟಾದ ನಮ್ಮ ಮನೆಯ ಅಂಗಳದ ನಲ್ಲಿ ಎರಡು ಕಡೆ ಸೋರುತ್ತಿತ್ತು. ಬಾಯಿಂದ ತೊಟ್ಟಿಕ್ಕುವುದು ಕಣ್ಣಿಗೆ ಕಾಣುತ್ತಿತ್ತು, ಆಯಿ ಅದಕ್ಕೆ ಕೊಡಪಾನ ಇಟ್ಟಿದ್ದಳು. ನನಗೆ ಚಿಂತೆ ಇದ್ದದ್ದು ಗೋಡೆಗೆ ಸೇರುವ ಜಾಗದ್ದು. ಚಿರೆಕಲ್ಲು ನೀರು ಹೀರುತ್ತದೆ ಅಲ್ವಾ? ಒಳಗಡೆ ಆಗಲೇ ಸುಣ್ಣ ಉದುರುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಹೊಸ ವಾಷರ್ ಹಾಕಿದ್ದೆ. ಎರಡು ತಿಂಗಳೂ ಬರಲಿಲ್ಲ. ಬಿಚ್ಚಿ ನೋಡಿದರೆ ವಾಷರ್ ಕೂರುವ ಹಿತ್ತಾಳೆಯ ಅಂಚೇ ಸವೆದಿತ್ತು. ಅಂಚು ಹೋದ ಮೇಲೆ ವಾಷರ್ ಹಾಕುವುದು ಸುಮ್ನೆ ದಂಡ. ಅರ್ಧ ಇಂಚಿನ ಹಿತ್ತಾಳೆ ನಲ್ಲಿ, ಒಂದು ಸುರುಳಿ ಟೆಫ್ಲಾನ್ ಟೇಪ್ ತಂದೆ. ಪ್ಲಾಸ್ಟಿಕ್‌ನದು ಅಗ್ಗ, ಆದರೆ ಆ ಜಾಗಕ್ಕೆ ಮಧ್ಯಾಹ್ನವಿಡೀ ಬಿಸಿಲು.

ಟ್ಯಾಂಕಿನ ವಾಲ್ವ್ ಪೂರ್ತಿ ಮುಚ್ಚಲಿಲ್ಲ. ಉಳಿದ ನೀರನ್ನೆಲ್ಲ ತೆಂಗಿನ ಬುಡಕ್ಕೆ ಬಿಟ್ಟೆ.

ಇನ್ನು ಕಷ್ಟದ ಕೆಲಸ. ಗೋಡೆಯೊಳಗಿನದು ಹಳೇ ಕಬ್ಬಿಣದ ಪೈಪು, ಕಡಲ ಗಾಳಿಗೆ ತುಕ್ಕು ಜಾಸ್ತಿ. ನಲ್ಲಿಯನ್ನಷ್ಟೇ ಹಿಡಿದು ತಿರುಗಿಸಿದರೆ ಒಳಗಿನ ಎಲ್ಬೋ (ಪೈಪು ತಿರುಗುವ ಕಡೆಯ ಜೋಡಣೆ) ಕೂಡ ತಿರುಗಿ ಪೈಪು ಮುರಿಯಬಹುದು. ಆಮೇಲೆ ಗೋಡೆಯನ್ನೇ ಒಡೆಯಬೇಕು. ಅದಕ್ಕೇ ಸುತ್ತಲಿನ ಗಾರೆ ಕೆತ್ತಿ ಎಲ್ಬೋ ಕಾಣುವಂತೆ ಮಾಡಿದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪಕ್ಕದ ಮನೆ ಅಣ್ಣ ಪೈಪ್ ಪಾನಾದಿಂದ ಎಲ್ಬೋ ಬಿಗಿಯಾಗಿ ಹಿಡಿದರು. "ತಮ್ಮಾ, ಜಗ್ಗಬೇಡ, ನಿಧಾನಕ್ಕೆ ಒತ್ತು" ಎಂದರು. ನಾಲ್ಕನೇ ಸಲ 'ಕಟ್' ಎಂದಿತು. ಎದೆ ಧಸಕ್ಕೆಂದಿತು, ಆದರೆ ಬಿಟ್ಟುಕೊಂಡದ್ದು ನಲ್ಲಿಯೇ.

ಎಲ್ಬೋ ಒಳಗಿನ ಥ್ರೆಡ್ಡನ್ನು (ತಿರುಪಿನ ಗೆರೆಗಳನ್ನು) ಹಳೇ ಬ್ರಷ್‌ನಿಂದ ಉಜ್ಜಿ ಒರೆಸಿದೆ. ಹೊಸ ನಲ್ಲಿಯ ಥ್ರೆಡ್ಡನ್ನು ನನ್ನ ಕಡೆ ತಿರುಗಿಸಿಟ್ಟು, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಟೇಪು ಎಳೆದೆಳೆದು ಹತ್ತು ಸುತ್ತು ಸುತ್ತಿದೆ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪು ಬಿಚ್ಚಿಕೊಂಡು ಬರುತ್ತದೆ.

ಬಿಗಿಯಾದಾಗ ನಲ್ಲಿಯ ಬಾಯಿ ಬಲಕ್ಕೆ ವಾಲಿತ್ತು. ನೆಟ್ಟಗೆ ಮಾಡಲು ಸ್ವಲ್ಪ ಹಿಂದಕ್ಕೆ ತಿರುಗಿಸಿದೆ. ತಪ್ಪಾಯಿತು. ನೀರು ಬಿಟ್ಟ ಕೂಡಲೇ ಅಲ್ಲೇ ಜಿನುಗಿತು. ಒಮ್ಮೆ ಬಿಗಿಯಾದ ಟೇಪನ್ನು ಸಡಿಲಿಸಿದರೆ ಅದು ಮತ್ತೆ ನೀರು ತಡೆಯುವುದಿಲ್ಲ. ಪೂರ್ತಿ ಬಿಚ್ಚಿ, ಹಳೇ ಟೇಪು ಕಿತ್ತು, ಈ ಸಲ ಹದಿನೈದು ಸುತ್ತು ಹಾಕಿದೆ. ಬಾಯಿ ಕೆಳಗೆ ಬರುವಷ್ಟರಲ್ಲಿ ಸರಿಯಾಗಿ ಬಿಗಿಯಾಯಿತು.

ಒರೆಸಿ, ಸೇರುವ ಜಾಗಕ್ಕೆ ಪೇಪರ್ ಸುತ್ತಿಟ್ಟೆ. ಬೆಳಿಗ್ಗೆ ಪೇಪರ್ ಗರಿಗರಿ ಒಣಗಿತ್ತು. ಆದರೂ ಮತ್ತೆರಡು ದಿನ ನೋಡಿದೆ, ಆಮೇಲೆಯೇ ಗೋಡೆಗೆ ಗಾರೆ ಮೆತ್ತಿದೆ.